ಡೊಲೊರೆಸಿನ ಪಾದ್ರಿ ಯುಸೇಬಿಯೊ ಕಿನೊ

ಭೂಗೋಳದ ತರಗತಿಯಲ್ಲಿ ಉತ್ತರ ಅಮೇರಿಕದ ಪಟವನ್ನು ಬರೆದವರೆಲ್ಲರಿಗೂ ಅದರ ಪಶ್ಚಿಮ ತೀರದಲ್ಲಿ ಬಾಲದಂತೆ ದಕ್ಷಿಣಕ್ಕೆ ಇಳಿದಿರುವ ಉದ್ದವಾದ ಭೂಭಾಗವೊಂದರ ನೆನಪಿರಬಹುದು. ಅದಕ್ಕೆ ಕೆಳಗಣ ಕ್ಯಾಲಿಫೋರ್ನಿಯವೆಂದು ಹೆಸರು. ಮೂರು ಕಡೆಗಳಲ್ಲಿ ನೀರು, ಒಂದು ಕಡೆಯಲ್ಲಿ ನೆಲ. ಆದುದರಿಂದ ಅದು ಪರ್ಯಾಯದ್ವೀಪವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಹೆಸರಾಂತ ಪಟಕಾರರು ಅನೇಕರು ಅದನ್ನು ಸುತ್ತಲೂ ಸಮುದ್ರವಿರುವ ದೊಡ್ಡ ದ್ವೀಪವೆಂದು ಬರೆಯುತ್ತಿದ್ದರು. ಆ ತಪ್ಪನ್ನು ತಿದ್ದಲು ಹೊರಟವರು ರಾಜನ ನಾವಿಕರಲ್ಲ, ದೊಡ್ಡ ವಿದ್ಯಾಪೀಠದ ಪಂಡಿತರೂ ಅಲ್ಲ. ಸ್ಪೇನ್ ರಾಜ್ಯದ ಕಟ್ಟಕಡೆಯ ಗಡಿಯಲ್ಲಿ, ಡೊಲೊರೆಸ್ ಎಂಬ ಪುಟ್ಟ ಊರಿನಲ್ಲಿ ವಾಸಿಸುತ್ತ, ಕುದುರೆಯ ಮೇಲೆ ಮರುಭೂಮಿಯನ್ನು ಅಲೆದ ಒಬ್ಬ ಪಾದ್ರಿಗಳು ಅದನ್ನು ಮಾಡಿದರು. ಅವರೇ ಯುಸೇಬಿಯೊ ಫ್ರಾನ್ಸಿಸ್ಕೊ ಕಿನೊ. ಅವರ ಜೀವನ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಿನೊರವರು ಹುಟ್ಟಿನಿಂದ ಸ್ಪೇನಿನವರಲ್ಲ. ಆಲ್ಪ್ಸ್ ಪರ್ವತಗಳ ನಡುವೆ, ಈಗ ಇಟಲಿಗೆ ಸೇರಿರುವ ತ್ರೆಂತೊ ಸೀಮೆಯಲ್ಲಿ, ಸೆಞೊ ಎಂಬ ಹಳ್ಳಿಯಲ್ಲಿ ೧೬೪೫ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅವರು ಜನಿಸಿದರು. ಮನೆತನದ ಹೆಸರು ಕೀನಿ. ಸ್ಪೇನಿನವರ ಬಾಯಲ್ಲಿ ಅದು ಮುಂದೆ ಕಿನೊ ಆಯಿತು. ಇನ್ಸ್‌ಬ್ರುಕ್ ಪಟ್ಟಣದ ಬಳಿಯ ಹಾಲ್ ಎಂಬಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ, ೧೬೬೩ರಲ್ಲಿ, ಅವರಿಗೆ ಕಠಿಣವಾದ ಕಾಯಿಲೆ ಬಂದಿತು. ಬದುಕಿ ಉಳಿದರೆ ದೂರದೇಶಗಳಲ್ಲಿ ಸೇವೆಮಾಡುವೆನೆಂದು ಆಗ ಅವರು ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ಹರಕೆ ಹೊತ್ತರು. ಗುಣವಾದ ಮೇಲೆ ಆ ಸಂತರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಆ ಕ್ಸೇವಿಯರರ ಪವಿತ್ರ ಶರೀರವು ನಮ್ಮ ಕನ್ನಡ ಕರಾವಳಿಗೆ ನೆರೆಯದಾದ ಗೋವೆಯಲ್ಲಿರುವುದನ್ನು ವಾಚಕರು ಬಲ್ಲರು. ಆಲ್ಪ್ಸ್ ಪರ್ವತದ ಈ ಹುಡುಗನ ಮನಸ್ಸೂ ಮೊದಲು ಹರಿದುದು ಪೂರ್ವದಿಕ್ಕಿಗೇ.

೧೬೬೫ರಲ್ಲಿ ಅವರು ಜೆಸುಯಿತ್ ಸಂಘವನ್ನು ಸೇರಿದರು. ಗಣಿತದಲ್ಲಿಯೂ ಖಗೋಳಶಾಸ್ತ್ರದಲ್ಲಿಯೂ ಭೂಪಟ ರಚನೆಯಲ್ಲಿಯೂ ಅವರಿಗಿದ್ದ ಸಾಮರ್ಥ್ಯವನ್ನು ಕಂಡು ಜರ್ಮನಿಯ ಇಂಗೋಲ್‌ಸ್ಟಾಟ್ ವಿದ್ಯಾಪೀಠದಲ್ಲಿ ಅಧ್ಯಾಪಕ ಪದವಿಯನ್ನು ಕೊಡಲು ಮುಂದೆ ಬಂದರು. ಅವರು ಅದನ್ನೊಲ್ಲದೆ ಹರಕೆಯನ್ನೇ ಹಿಡಿದು ನಿಂತರು. ಚೀನಾ ದೇಶಕ್ಕೆ ಹೋಗಬೇಕೆಂಬುದು ಅವರ ಬಯಕೆ. ಹಾಗಾದರೂ ಪೂರ್ವಕ್ಕೊಬ್ಬರು ಮೆಕ್ಸಿಕೊ ದೇಶಕ್ಕೊಬ್ಬರು ಹೋಗಬೇಕಾಗಿ ಬಂದಾಗ, ಜೊತೆಯ ಪಾದ್ರಿಯೊಡನೆ ಚೀಟಿಯೆತ್ತಿ ನಿರ್ಧರಿಸಲಾಯಿತು. ಕಿನೊರವರ ಪಾಲಿಗೆ ಬಂದ ಚೀಟಿಯಲ್ಲಿ ಮೆಕ್ಸಿಕೊ ಎಂದಿತ್ತು. ೧೬೭೮ರಲ್ಲಿ ಜೆನೋವಾ ಬಂದರನ್ನು ಬಿಟ್ಟವರು, ಹಡಗು ತಪ್ಪಿ, ಇನ್ನೊಂದು ಹಡಗು ಕಾದೀಸ್ ಬಂದರದ ಬಾಯಲ್ಲೇ ಒಡೆದು, ಸ್ಪೇನಿನಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾದಿದ್ದು, ೧೬೮೧ರಲ್ಲಿ ಮೆಕ್ಸಿಕೊ ದೇಶದ ವೆರಾಕ್ರೂಸಿಗೆ ಬಂದಿಳಿದರು.

ಹೀಗೆ ಕಾದಿರುವಾಗ ೧೬೮೦ರ ಕೊನೆಯಲ್ಲಿ ಆಕಾಶದಲ್ಲಿ ಭಾರಿ ಧೂಮಕೇತುವೊಂದು ಕಾಣಿಸಿಕೊಂಡಿತು. ಕಿನೊರವರು ಅದನ್ನು ಕಾದೀಸಿನಿಂದ ಪರಿಶೀಲಿಸಿ, ಮೆಕ್ಸಿಕೊ ನಗರದಲ್ಲಿ ಅದರ ವಿಷಯವಾಗಿ ಒಂದು ಚಿಕ್ಕ ಗ್ರಂಥವನ್ನು ಅಚ್ಚು ಹಾಕಿಸಿದರು. ಧೂಮಕೇತುವು ಕೇಡಿನ ಸೂಚನೆಯೆಂದು ಅದರಲ್ಲಿ ವಾದಿಸಿದ್ದರು. ಅದೇ ನಗರದ ಪಂಡಿತರಾದ ಕಾರ್ಲೋಸ್ ದೆ ಸಿಗ್ವೆನ್ಸಾ ಇ ಗೊಂಗೊರಾ ಎಂಬವರು ಧೂಮಕೇತುಗಳಿಗೆ ಹೆದರಬೇಕಾಗಿಲ್ಲವೆಂದು ಮೊದಲೇ ಬರೆದಿದ್ದರು; ಅವರು ಕಿನೊರವರ ಮಾತನ್ನು ಖಂಡಿಸಿ ಬರೆದ ಗ್ರಂಥವು ೧೬೯೦ರಲ್ಲಿ ಹೊರಬಿದ್ದಿತು. ಆ ಕಾಲದ ಶ್ರೇಷ್ಠ ಕವಯಿತ್ರಿಯೂ, ಮಠದ ಕೋಣೆಯಲ್ಲಿಯೇ ಪುಸ್ತಕ ಭಂಡಾರವನ್ನಿರಿಸಿಕೊಂಡು ವ್ಯಾಸಂಗಮಾಡಿದ ಸಂನ್ಯಾಸಿನಿಯೂ ಆದ ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್ ಎಂಬಾಕೆಯು ಕಿನೊರವರನ್ನು ಹೊಗಳಿ ಒಂದು ಸಾನೆಟ್ ರಚಿಸಿದಳು. ಆದರೆ ಕವಯಿತ್ರಿಯ ಹೊಗಳಿಕೆಯಿಂದ ತಪ್ಪು ಸರಿಯಾಗದು. ಈ ವಿಷಯದಲ್ಲಿ ಸಿಗ್ವೆನ್ಸಾರವರ ಪಕ್ಷವೇ ಸರಿ. ಹಳೆಯ ಗ್ರಂಥಗಳ ಮಾತನ್ನು ನಂಬಿ ಆಕಾಶವನ್ನು ಓದಲು ಹೋಗಿ ಕಿನೊರವರು ಎಡವಿದರು. ಮುಂದೆ ನೆಲವನ್ನು ಕಾಲಿನಿಂದ ತುಳಿದು, ಕಣ್ಣಿನಿಂದ ಕಂಡು ಬರೆದಾಗ ಗೆದ್ದರು. ಅವರ ಜೀವನದ ತಿರುಳೆಲ್ಲ ಈ ಎರಡರ ನಡುವಣ ದಾರಿಯಲ್ಲಿದೆ.

ಸ್ಪೇನಿನಲ್ಲಿದ್ದಾಗಿನಿಂದ ಅವರಿಗೆ ಮ್ಯಾಡ್ರಿಡಿನ ಅವೇರೊ ಡಚೆಸ್ ಎಂಬ ವಿದ್ಯಾವಂತ ಮಹಿಳೆಯೊಡನೆ ಪತ್ರವ್ಯವಹಾರವಿದ್ದಿತು. ದೂರದೇಶಗಳ ಸೇವೆಗೆ ಆಕೆಯು ಧಾರಾಳವಾಗಿ ಹಣ ಕೊಡುತ್ತಿದ್ದಳು. ಆಕೆಗೆ ಬಂದ ಕಾಗದಗಳು ಕೆಡದೆ ಉಳಿದುದರಿಂದಲೇ ಕಿನೊರವರ ಆ ದಿನಗಳ ಅನೇಕ ಸಂಗತಿಗಳು ನಮಗೆ ತಿಳಿದಿವೆ.

೧೬೮೩ರಲ್ಲಿ ಕಿನೊರವರು ನೌಕಾಧಿಪತಿ ಅತೊಂದೊ ಎಂಬವನ ದಂಡಿನೊಡನೆ ಕ್ಯಾಲಿಫೋರ್ನಿಯಕ್ಕೆ ಹೋದರು. ಮೊದಲು ಲಾ ಪಾಸ್ ಕೊಲ್ಲಿಯಲ್ಲಿ ಬೀಡುಬಿಟ್ಟರು. ಅಲ್ಲಿಯ ಮೂಲನಿವಾಸಿಗಳ ಮೇಲೆ ಸಂಶಯ ಹುಟ್ಟಿ, ಊಟಕ್ಕೆ ಕರೆದು ಕೂರಿಸಿದವರ ಮೇಲೆಯೇ ಫಿರಂಗಿಯನ್ನು ಹಾರಿಸಲಾಯಿತು. ಅನ್ನಕ್ಕೆ ಕರೆದವರು ಪ್ರಾಣ ತೆಗೆದ ಮೇಲೆ ಆ ನೆಲದಲ್ಲಿ ಯಾರು ತಾನೆ ನೆಮ್ಮದಿಯಿಂದಿರಬಲ್ಲರು? ಕೆಲವೇ ತಿಂಗಳುಗಳಲ್ಲಿ ಆ ಬೀಡು ಎದ್ದುಹೋಯಿತು. ಬಳಿಕ ಉತ್ತರಕ್ಕೆ ಸಾನ್ ಬ್ರೂನೊ ಎಂಬಲ್ಲಿ ಎರಡನೆಯ ನೆಲೆಯನ್ನು ಕಟ್ಟಿದರು. ಅಲ್ಲಿ ಮಳೆಯಿಲ್ಲ, ಬೆಳೆಯಿಲ್ಲ, ಜನರಿಗೆ ರೋಗ. ೧೬೮೫ರಲ್ಲಿ ಅದೂ ಬರಿದಾಯಿತು. ಆದರೂ ೧೬೮೪ರ ಡಿಸೆಂಬರಿನಲ್ಲಿ ಕಿನೊರವರು ಪರ್ವತಗಳನ್ನು ದಾಟಿ ಆಚೆಯ ಶಾಂತಸಾಗರದ ದಡವನ್ನು ಮುಟ್ಟಿದ್ದರು. ಅಲ್ಲಿಯ ಮರಳಿನಲ್ಲಿ ಹೊಳೆಯುವ ನೀಲಿಬಣ್ಣದ ದೊಡ್ಡ ಚಿಪ್ಪುಗಳನ್ನು ಕಂಡರು. ಅಂತಹ ಚಿಪ್ಪುಗಳನ್ನು ಈಚೆಯ ಕೊಲ್ಲಿಯ ದಡದಲ್ಲಿ ಅವರು ಕಂಡಿರಲಿಲ್ಲ. ಈ ಚಿಪ್ಪುಗಳನ್ನು ವಾಚಕರು ಮರೆಯಬಾರದು.

ಕ್ಯಾಲಿಫೋರ್ನಿಯದ ಕೆಲಸ ನಿಂತುಹೋದುದರಿಂದ ಕಿನೊರವರನ್ನು ಪಿಮೆರಿಯಾ ಆಲ್ತಾ ಎಂಬ ಸೀಮೆಗೆ ನೇಮಿಸಿದರು. ಈಗಿನ ಮೆಕ್ಸಿಕೊ ದೇಶದ ಸೊನೋರಾ ಪ್ರಾಂತದ ಉತ್ತರಭಾಗವೂ ಅಮೇರಿಕ ಸಂಯುಕ್ತ ಸಂಸ್ಥಾನದ ಆರಿಜೋನ ಪ್ರಾಂತದ ದಕ್ಷಿಣಭಾಗವೂ ಸೇರಿದ ನಾಡು ಅದು. ಸ್ಪೇನಿನವರು ಪಿಮಾ ಎಂದು ಕರೆಯುತ್ತಿದ್ದ ಅಲ್ಲಿಯ ಜನರು ತಮ್ಮನ್ನು ಓಒದಮ್ ಎಂದು ಕರೆದುಕೊಳ್ಳುತ್ತಾರೆ. ನದಿಗಳ ದಡದಲ್ಲಿ ಕಾಲುವೆ ತೋಡಿ ಮುಸುಕಿನ ಜೋಳ, ಹುರುಳಿಯಂತಹ ಕಾಳು, ಕುಂಬಳಗಳನ್ನು ಬೆಳೆಯುತ್ತಿದ್ದ ರೈತರು ಅವರು.

ಆ ಗಡಿಯಲ್ಲಿ ಬೆಳ್ಳಿಯ ಗಣಿಗಳಿದ್ದವು. ಗಣಿಗಳಿಗೆ ಆಳುಗಳು ಬೇಕು. ಸುತ್ತಣ ಹಳ್ಳಿಗಳಿಂದ ಜನರನ್ನು ಬಲವಂತವಾಗಿ ಎಳೆದೊಯ್ಯುವುದು ವಾಡಿಕೆಯಾಗಿದ್ದಿತು. ಪಾದ್ರಿಯ ಹಿಂದೆಯೇ ಗಣಿಯ ಮೇಸ್ತ್ರಿ ಬರುವನೆಂದು ಜನರು ಹೆದರುವುದು ಸಹಜವಲ್ಲವೆ? ಇದನ್ನರಿತ ಕಿನೊರವರು ತಮ್ಮ ಸೀಮೆಗೆ ಕಾಲಿಡುವ ಮೊದಲೇ, ೧೬೮೬ರಲ್ಲಿ, ಗ್ವಾದಲಹಾರದ ನ್ಯಾಯಸಭೆಯ ಮುಂದೆ ನಿಂತು, ಹೊಸದಾಗಿ ದೀಕ್ಷಾಸ್ನಾನ ಹೊಂದಿದವರನ್ನು ಗಣಿಗಳಿಗೆ ಒಯ್ಯಬಾರದೆಂದು ಬೇಡಿಕೊಂಡರು. ಅದೇ ವರ್ಷ ಸ್ಪೇನಿನ ಅರಸನಾದ ಎರಡನೆಯ ಕಾರ್ಲೋಸನು ಅಂತಹವರಿಗೆ ೨೦ ವರ್ಷಗಳವರೆಗೆ ಈ ದುಡಿಮೆಯಿಂದ ಬಿಡುಗಡೆಯಿತ್ತು ಆಜ್ಞೆ ಹೊರಡಿಸಿದ್ದನು. ಈ ಕಾಗದವನ್ನು ಕೈಯಲ್ಲಿ ಹಿಡಿದೇ ಕಿನೊರವರು ಗಡಿಯ ಕಡೆಗೆ ಹೊರಟರು. ಗಣಿಯ ಒಡೆಯರಿಗೂ ಕೆಲವು ಅಧಿಕಾರಿಗಳಿಗೂ ಅವರ ಮೇಲೆ ಮುನಿಸು ಹುಟ್ಟಿದುದು ಆಶ್ಚರ್ಯವಲ್ಲ.

೧೬೮೭ರ ಮಾರ್ಚ್ ೧೩ರಂದು ಅವರು ಸಾನ್ ಮಿಗೆಲ್ ನದಿಯ ದಡದ ಕೊಸಾರಿ ಎಂಬ ಪಿಮಾ ಹಳ್ಳಿಯನ್ನು ತಲುಪಿದರು. ಅಲ್ಲಿಯ ಮುಖ್ಯಸ್ಥನು ಕೊಕ್ಸಿ ಎಂಬವನು. ಆ ಸ್ಥಳಕ್ಕೆ ದುಃಖಮಾತೆಯ ಹೆಸರಾದ ಡೊಲೊರೆಸ್ ಎಂದು ನಾಮಕರಣ ಮಾಡಿ, ಮೊದಲು ಚಪ್ಪರದಂತಹ ಗುಡಿಯನ್ನೂ ಮೆಲ್ಲಮೆಲ್ಲನೆ ಹಸಿ ಇಟ್ಟಿಗೆಯ ದೇವಾಲಯವನ್ನೂ ಕಟ್ಟಿಸಿದರು. ಆ ದೇವಾಲಯದ ಪ್ರತಿಷ್ಠೆ ೧೬೯೩ರಲ್ಲಿ ನಡೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನೀರಿನಿಂದ ತಿರುಗುವ ಗಿರಣಿ, ಬಡಗಿಯ ಮನೆ, ಕಮ್ಮಾರಸಾಲೆ, ಹಣ್ಣಿನ ತೋಟ, ದ್ರಾಕ್ಷಿಯ ಬಳ್ಳಿಗಳು, ಗೋಧಿಯ ಹೊಲಗಳು ಎದ್ದವು. ಅದುವರೆಗೆ ಪಿಮಾ ಜನರಲ್ಲಿ ದನಕರುಗಳಿರಲಿಲ್ಲ. ಕಿನೊರವರು ದಕ್ಷಿಣದಿಂದ ದನ, ಕುದುರೆ, ಕುರಿಗಳನ್ನು ತರಿಸಿ, ಒಂದೊಂದು ಹೊಸ ಹಳ್ಳಿಗೂ ಒಂದೊಂದು ಮಂದೆಯನ್ನು ಬಿಟ್ಟು, ಅವುಗಳನ್ನು ಅಲ್ಲಿಯವರ ಕೈಯಿಂದಲೇ ಕಾಯಿಸಿದರು. ಅವರು ತಮಗೆಂದು ಒಂದು ಹಸುವನ್ನೂ ಇಟ್ಟುಕೊಳ್ಳಲಿಲ್ಲ. ಸೊನೋರಾ ಮತ್ತು ಆರಿಜೋನದ ಪಶುಪಾಲನೆಯ ಮೂಲವನ್ನು ಹುಡುಕಹೊರಟವರು ಡೊಲೊರೆಸಿನ ಕೊಟ್ಟಿಗೆಗೇ ಬಂದು ನಿಲ್ಲುತ್ತಾರೆ.

ಡೊಲೊರೆಸಿನಿಂದ ಅವರು ಸುತ್ತಲೂ ಸಂಚಾರ ಹೊರಟರು. ೧೬೯೧ರಲ್ಲಿ ತುಮಕಾಕೊರಿ, ೧೬೯೨ರಲ್ಲಿ ಬಾಕ್ ಎಂಬ ದೊಡ್ಡ ಹಳ್ಳಿ, ೧೬೯೪ರಲ್ಲಿ ಹಿಲಾ ನದಿಯ ದಡದ ಕಾಸಾ ಗ್ರಾಂದೆ ಎಂಬ ಪುರಾತನವಾದ ಪಾಳುಮನೆ, ಹೀಗೆ ಒಂದೊಂದಾಗಿ ಕಂಡರು. ಅದೇ ವರ್ಷ ಸಮುದ್ರದಿಂದ ಬಹುದೂರದಲ್ಲಿರುವ ಕಾಬೊರ್ಕಾದಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಲೆಂದು ದೋಣಿಯೊಂದನ್ನು ಕಟ್ಟತೊಡಗಿದರು! ಮೇಲಿನವರು ಬೇಡವೆಂದು ಆಜ್ಞಾಪಿಸಿದುದರಿಂದ ಆ ದೋಣಿ ಮರುಭೂಮಿಯಲ್ಲಿಯೇ ಉಳಿಯಿತು.

ಇಂತಿರಲಾಗಿ ೧೬೯೫ರಲ್ಲಿ ಘೋರವಾದ ಆಪತ್ತು ಬಂದೊದಗಿತು. ತುಬುತಾಮಾ ಎಂಬಲ್ಲಿ ಬೇರೆ ಕುಲದ ಮೇಸ್ತ್ರಿಗಳು ಪಿಮಾ ಜನರನ್ನು ಹೊಡೆದು ಬಡಿದು ಕೆಲಸ ಮಾಡಿಸುತ್ತಿದ್ದರು. ಸಹಿಸಲಾರದೆ ಜನರು ಮಾರ್ಚ್ ತಿಂಗಳ ಕೊನೆಯಲ್ಲಿ ದಂಗೆಯೆದ್ದರು. ಕಾಬೊರ್ಕಾದಲ್ಲಿ ಕೆಲವೇ ತಿಂಗಳುಗಳ ಹಿಂದೆ ಬಂದಿದ್ದ ತರುಣ ಪಾದ್ರಿ ಸಯೇತಾರವರು ಏಪ್ರಿಲ್ ೨ರಂದು ಬಾಣಗಳಿಗೆ ಬಲಿಯಾದರು. ಅಪರಾಧಿಗಳನ್ನು ಹಿಡಿಯಲು ದಂಡು ಬಂದಿತು. ಸಂಧಿಯ ಮಾತುಕತೆಗೆಂದು ಕರೆಯಿಸಿಕೊಂಡ ಪಿಮಾ ಜನರು, ಅಪರಾಧವಿಲ್ಲದವರಿಗೆ ಭಯವಿಲ್ಲವೆಂಬ ಮಾತನ್ನು ನಂಬಿ, ಆಯುಧಗಳನ್ನು ದೂರವಿರಿಸಿ, ಜೂನ್ ತಿಂಗಳಲ್ಲಿ ಎಲ್ ತೂಪೊ ಎಂಬ ಸ್ಥಳದಲ್ಲಿ ಸೇರಿದರು. ತಪ್ಪಿತಸ್ಥರನ್ನು ಬೆರಳಿಟ್ಟು ತೋರಿಸುವ ಹೊತ್ತಿನಲ್ಲಿ ದಂಡಿನ ಅಧಿಕಾರಿಯೊಬ್ಬನು ಕತ್ತಿಯಿಂದ ಒಬ್ಬನ ತಲೆಯನ್ನು ಹಾರಿಸಿದನು. ಗಾಬರಿಯಿಂದ ಓಡತೊಡಗಿದವರ ಮೇಲೆ ಸೈನಿಕರು ಬಿದ್ದು ಐವತ್ತರ ಸಮೀಪ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಿರಪರಾಧಿಗಳು. ಸ್ಪೇನಿನವರೇ ಆ ಸ್ಥಳಕ್ಕೆ ಕೊಲೆಯ ಬಯಲೆಂದು ಹೆಸರಿಟ್ಟರು.

ಲಾ ಪಾಸಿನಲ್ಲಿ ಊಟದ ನಡುವೆ ನಡೆದುದೇ ಇಲ್ಲಿ ಸಂಧಿಯ ನಡುವೆ ನಡೆಯಿತು. ಫಲವೂ ಅದೇ. ಅದುವರೆಗೆ ಸುಮ್ಮನಿದ್ದ ಹಳ್ಳಿಗಳೂ ಎದ್ದವು; ತುಬುತಾಮಾ, ಕಾಬೊರ್ಕಾ, ಮಗ್ದಲೇನಾ, ಸಾನ್ ಇಗ್ನಾಸಿಯೊಗಳಲ್ಲಿ ಬೆಂಕಿ ಹತ್ತಿತು. ಕಿನೊರವರು ಡೊಲೊರೆಸಿನ ದೇವಾಲಯದ ಪಾತ್ರೆ ಉಡುಪುಗಳನ್ನು ಗುಹೆಯೊಂದರಲ್ಲಿ ಅಡಗಿಸಿದರು. ತಾವು ಮಾತ್ರ ಊರು ಬಿಡದೆ ಮರಣವನ್ನು ಎದುರುನೋಡುತ್ತ ಕುಳಿತರು. ಡೊಲೊರೆಸಿಗೆ ಯಾರೂ ಕೈಹಚ್ಚಲಿಲ್ಲ. ಆಗಸ್ಟಿನಲ್ಲಿ ಮತ್ತೆ ಸಂಧಿಯಾಯಿತು. ಅದರಲ್ಲಿ ಕಿನೊರವರ ಮಾತಿಗೆ ಬೆಲೆಯಿದ್ದಿತು.

ಈಗ ಸೀಮೆಯ ಮೇಲೆ ಅಪವಾದಗಳ ಮಳೆ ಸುರಿಯಿತು. ಪಿಮಾ ಜನರು ವಿಶ್ವಾಸಕ್ಕೆ ಯೋಗ್ಯರಲ್ಲ, ಅಲ್ಲಿಯ ಕೆಲಸವನ್ನು ನಿಲ್ಲಿಸಬೇಕೆಂದು ಹಲವರು ಆಡತೊಡಗಿದರು. ಕಿನೊರವರು ಸಯೇತಾರವರ ಜೀವನ ಚರಿತ್ರೆಯನ್ನು ಬರೆದು, ದಂಗೆಯ ಕಾರಣಗಳನ್ನು ವಿವರಿಸಿ, ಇಡೀ ಜನಾಂಗದ ತಲೆಗೆ ತಪ್ಪನ್ನು ಕಟ್ಟಬಾರದೆಂದು ವಾದಿಸಿದರು. ತಮ್ಮ ಸಹೋದ್ಯೋಗಿಯನ್ನು ಕೊಂದವರ ಬಂಧುಗಳ ಪಕ್ಷವಾಗಿ ನಿಲ್ಲುವುದು ಸುಲಭವಲ್ಲ. ಅಷ್ಟರಿಂದ ತೃಪ್ತರಾಗದೆ, ೧೬೯೫ರ ನವೆಂಬರಿನಲ್ಲಿ ಕೆಲವು ಪಿಮಾ ಹುಡುಗರನ್ನು ಜೊತೆಗೆ ಕರೆದುಕೊಂಡು, ನೂರಾರು ಮೈಲುಗಳ ದಾರಿಯನ್ನು ಸುಮಾರು ಏಳು ವಾರಗಳಲ್ಲಿ ಕುದುರೆಯ ಮೇಲೆ ನಡೆದು ಮೆಕ್ಸಿಕೊ ನಗರವನ್ನು ಸೇರಿದರು. ಪಿಮಾ ಜನರು ಎಂತಹವರೆಂದು ಅಲ್ಲಿಯ ಅಧಿಕಾರಿಗಳು ಕಾಗದದಿಂದ ತಿಳಿಯುವುದಕ್ಕಿಂತ ಆ ಹುಡುಗರ ಮುಖದಿಂದ ತಿಳಿಯಲೆಂದು ಅವರ ಅಭಿಪ್ರಾಯವಿದ್ದಿರಬೇಕು. ಕೆಲಸವನ್ನು ಮುಂದುವರಿಸಲು ಅಪ್ಪಣೆ ದೊರೆಯಿತು.

೧೬೯೮ರಲ್ಲಿ ಇನ್ನೊಂದು ಪರೀಕ್ಷೆ. ಗಡಿಯ ಕುದುರೆಗಳನ್ನು ಕದಿಯುವವರು ಪೂರ್ವದ ಪಿಮಾ ಜನರೇ ಎಂದು ಅಧಿಕಾರಿಗಳು ನಂಬಿದ್ದರು. ಆ ವರ್ಷ ಕೋರೊ ಎಂಬ ಮುಖ್ಯಸ್ಥನ ಜನರು ದಾಳಿಗೆ ಬಂದ ಅಪಾಚಿಗಳನ್ನು ಸೋಲಿಸಿದ ಸುದ್ದಿ ಬಂದಿತು. ಆದರೆ ಠಾಣೆಗಳಲ್ಲಿ ಅದನ್ನು ನಂಬದವರಿದ್ದರು. ಕಿನೊರವರು ಕುದುರೆಯೇರಿ ಯುದ್ಧಭೂಮಿಗೇ ಹೋಗಿ, ಬಿದ್ದಿದ್ದ ಹೆಣಗಳನ್ನು ತಾವೇ ಎಣಿಸಿ, ಸುದ್ದಿ ನಿಜವೆಂದು ಬರೆದು ಕಳುಹಿಸಿದರು. ಪಟದ ವಿಷಯವಾಗಲಿ ಮನುಷ್ಯರ ಮಾನದ ವಿಷಯವಾಗಲಿ, ಹೋಗಿ ನೋಡದೆ ಹೇಳಬಾರದೆಂಬುದು ಅಷ್ಟರಲ್ಲಿ ಅವರ ಸ್ವಭಾವವೇ ಆಗಿಹೋಗಿದ್ದಿತು.

ಇನ್ನು ಚಿಪ್ಪುಗಳ ಕಥೆಗೆ ಬರೋಣ. ಕ್ಯಾಲಿಫೋರ್ನಿಯವು ಪರ್ಯಾಯದ್ವೀಪವೆಂದು ಕಿನೊರವರು ಜರ್ಮನಿಯಲ್ಲಿ ಕಲಿತಿದ್ದರು. ಮೆಕ್ಸಿಕೊ ದೇಶಕ್ಕೆ ಬಂದ ಮೇಲೆ ಎಲ್ಲರ ಮಾತಿಗೂ ಪಟಗಳಿಗೂ ಸೋತು ದ್ವೀಪವೆಂದೇ ನಂಬಿ, ತಮ್ಮ ಪಟದಲ್ಲಿಯೂ ಹಾಗೆಯೇ ಬರೆದಿದ್ದರು. ೧೬೯೯ರಲ್ಲಿ ಹಿಲಾ ನದಿಯ ಕೆಳಭಾಗದ ಜನರು ಅವರಿಗೆ ಕಾಣಿಕೆಯಾಗಿ ನೀಲಿ ಚಿಪ್ಪುಗಳನ್ನು ಕೊಟ್ಟರು. ಹದಿನೈದು ವರ್ಷಗಳ ಹಿಂದೆ ಶಾಂತಸಾಗರದ ದಡದಲ್ಲಿ ಕಂಡ ಚಿಪ್ಪುಗಳೇ ಅವು! ನಡುವೆ ಸಮುದ್ರವಿದ್ದರೆ, ದೊಡ್ಡ ದೋಣಿಗಳಿಲ್ಲದ ಈ ಜನರ ಕೈಗೆ ಅವು ಹೇಗೆ ಬಂದಾವು? ನೆಲದ ಮೇಲೆ ದಾರಿಯಿರಲೇಬೇಕೆಂದು ಅವರ ಬುದ್ಧಿಗೆ ಹೊಳೆಯಿತು. ೧೭೦೦ರ ವಸಂತದಲ್ಲಿ ಬಾಕಿನಲ್ಲಿ ಸಂತ ಕ್ಸೇವಿಯರರ ಹೆಸರಿನ ದೇವಾಲಯಕ್ಕೆ ಅಸ್ತಿಭಾರ ಹಾಕಿದ ದಿನಗಳಲ್ಲಿಯೇ, ಸುತ್ತಣ ಹಳ್ಳಿಗಳ ಹಿರಿಯರನ್ನು ಕೂಡಿಸಿ, ಈ ಚಿಪ್ಪುಗಳು ಎಲ್ಲಿಂದ ಬಂದವೆಂದು ರಾತ್ರಿಯವರೆಗೆ ವಿಚಾರಿಸಿದರು. ಅವು ನೆಲದ ದಾರಿಯಿಂದಲೇ, ಕೈಯಿಂದ ಕೈಗೆ ಬಂದವೆಂದು ಉತ್ತರ ದೊರೆಯಿತು. ಪಟಗಳಲ್ಲಿ ಇಲ್ಲದ ಈ ದಾರಿಯನ್ನು ಆ ಹಿರಿಯರು ಮೊದಲಿನಿಂದಲೂ ಬಲ್ಲವರಾಗಿದ್ದರು.

ಉತ್ತರ ದೊರೆತರೂ ಅವರು ತಾವೇ ನೋಡಬೇಕೆಂದರು. ಅದೇ ವರ್ಷ ಹಿಲಾ ಮತ್ತು ಕೊಲೊರಾಡೊ ನದಿಗಳ ಸಂಗಮದ ಕಡೆಗೆ ಹೋಗಿ, ಬೆಟ್ಟವನ್ನೇರಿ ದೂರದರ್ಶಕದಿಂದ ನೋಡಿದರು. ಪಶ್ಚಿಮಕ್ಕೆ ನೆಲವೇ ಕಾಣಿಸಿತು. ೧೭೦೧ರ ನವೆಂಬರಿನಲ್ಲಿ ತೆಪ್ಪದ ಮೇಲೆ ದೊಡ್ಡ ಬುಟ್ಟಿಯೊಂದನ್ನಿಟ್ಟು ಅದರಲ್ಲಿ ಕುಳಿತರು. ಅಲ್ಲಿಯ ಜನರು ಈಜುತ್ತ ತೆಪ್ಪವನ್ನು ತಳ್ಳಿ ಅವರನ್ನು ಕೊಲೊರಾಡೊ ನದಿಯ ಆಚೆಗೆ ದಾಟಿಸಿದರು. ೧೭೦೨ರ ಮಾರ್ಚಿನಲ್ಲಿ ಆ ನದಿಯು ಸಮುದ್ರವನ್ನು ಸೇರುವ ಮುಖವನ್ನೇ ಮುಟ್ಟಿದರು. ಜೊತೆಗಿದ್ದ ಪಾದ್ರಿ ಗೊನ್ಸಾಲೆಸ್‌ರವರು ದಾರಿಯಲ್ಲಿ ಕಾಯಿಲೆ ಬಿದ್ದು, ಹಿಂದಿರುಗುವಾಗ ತೀರಿಕೊಂಡರು. ಕ್ಯಾಲಿಫೋರ್ನಿಯಕ್ಕೆ ನೆಲದ ದಾರಿಯನ್ನು ತೋರಿಸುವ ಕಿನೊರವರ ಪಟವು ೧೭೦೫ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಗಿ ಯೂರೋಪಿನಲ್ಲೆಲ್ಲ ಹರಡಿತು. ಹೀಗೆ, ತಾವೇ ಹಿಂದೆ ಬರೆದ ತಪ್ಪನ್ನು ತಾವೇ ಅಳಿಸಿದರು. ಆದರೂ ಸಂಶಯಪಡುವವರು ಬಹುಕಾಲ ಉಳಿದರು. ೧೭೪೬ರಲ್ಲಿ ಕೊನ್ಸಾಗ್ ಎಂಬ ಪಾದ್ರಿಗಳು ಕೊಲ್ಲಿಯ ತುದಿಯವರೆಗೆ ದೋಣಿಯಲ್ಲಿ ಹೋಗಿ ನೋಡಿದ ಬಳಿಕ, ೧೭೪೭ರಲ್ಲಿ ಸ್ಪೇನಿನ ಅರಸನು ಕ್ಯಾಲಿಫೋರ್ನಿಯವು ದ್ವೀಪವಲ್ಲವೆಂದು ಸಾರಿದನು. ೧೭೭೪ರಲ್ಲಿ ತುಬಾಕ್ ಠಾಣೆಯ ದಳಪತಿಯಾದ ಆನ್ಸಾ ಎಂಬವನು ಕೊಲೊರಾಡೊ ನದಿಯನ್ನು ದಾಟಿ ನೆಲದ ದಾರಿಯಿಂದಲೇ ಕ್ಯಾಲಿಫೋರ್ನಿಯವನ್ನು ಸೇರಿದನು.

ಹೀಗೆ ೨೪ ವರ್ಷಗಳು ಕಳೆದವು. ೧೭೧೧ರ ಮಾರ್ಚಿನಲ್ಲಿ ಮಗ್ದಲೇನಾದಲ್ಲಿ ಸಂತ ಕ್ಸೇವಿಯರರ ಹೆಸರಿನ ಚಿಕ್ಕ ಗುಡಿಯೊಂದರ ಪ್ರತಿಷ್ಠೆಗೆ ಕಿನೊರವರು ಹೋದರು. ಬಾಲ್ಯದಲ್ಲಿ ಹರಕೆ ಹೊತ್ತ ಸಂತರ ಪೂಜೆಯನ್ನು ನಡೆಸುತ್ತಿರುವಾಗಲೇ ದೇಹಾಲಸ್ಯವುಂಟಾಗಿ, ಮಾರ್ಚ್ ೧೫ರ ನಡುರಾತ್ರಿಯ ಸುಮಾರಿಗೆ ತೀರಿಕೊಂಡರು. ಆಗ ಅವರಿಗೆ ೬೫ ವರ್ಷ. ಎರಡು ಕರುವಿನ ಚರ್ಮಗಳೇ ಹಾಸಿಗೆ, ಎರಡು ಒರಟು ಕಂಬಳಿಗಳೇ ಹೊದಿಕೆ, ಹೇರಿನ ತಡಿಯೇ ತಲೆದಿಂಬು. ಸಾವಿರಾರು ದನಗಳ ಮಂದೆಗಳನ್ನು ಬೆಳೆಯಿಸಿದವರ ಆಸ್ತಿಯು ಇಷ್ಟೇ.

ಡೊಲೊರೆಸ್ ಅವರ ನಂತರ ಬಾಳಲಿಲ್ಲ. ಯೂರೋಪಿನಿಂದ ಬಂದ ಸಿಡುಬು, ದಡಾರ ಮೊದಲಾದ ಜಾಡ್ಯಗಳು ಒಟ್ಟುಗೂಡಿ ವಾಸಿಸುತ್ತಿದ್ದ ಮೂಲನಿವಾಸಿಗಳನ್ನು ಮೇಲಿಂದ ಮೇಲೆ ಬಡಿದವು. ಕಿನೊರವರ ಸದುದ್ದೇಶಕ್ಕೂ ಇದನ್ನು ತಡೆಯುವ ಶಕ್ತಿಯಿರಲಿಲ್ಲ. ಅವರು ಜನರನ್ನು ಒಂದೆಡೆ ಕೂಡಿಸಿದುದೇ ಜಾಡ್ಯಗಳಿಗೆ ದಾರಿಯಾಯಿತೆಂಬುದನ್ನೂ ಮುಚ್ಚಿಡಲಾಗದು. ೧೭೫೧ರಲ್ಲಿ ಪಿಮಾ ಜನರು ಮತ್ತೊಮ್ಮೆ ದಂಗೆಯೆದ್ದರು. ೧೭೬೭ರಲ್ಲಿ ಸ್ಪೇನಿನ ಅರಸನು ಜೆಸುಯಿತರನ್ನು ತನ್ನ ರಾಜ್ಯಗಳಿಂದೆಲ್ಲ ಹೊರದೂಡಿದನು. ಒಂದು ಕಾಲಕ್ಕೆ ಗಿರಣಿಯ ಸದ್ದೂ ಮಂದೆಯ ಗಂಟೆಯೂ ಕೇಳಿಸುತ್ತಿದ್ದ ಡೊಲೊರೆಸಿನಲ್ಲಿ ಈಗ ಅಲ್ಪಸ್ವಲ್ಪ ಕುರುಹುಗಳ ಹೊರತು ಬೇರೇನೂ ಉಳಿದಿಲ್ಲ.

ಆದರೆ ಅವರ ಹೆಸರು ಅಳಿಯಲಿಲ್ಲ. ಅವರು ಸ್ವಹಸ್ತದಿಂದ ಬರೆದ ವೃತ್ತಾಂತವು ಮೆಕ್ಸಿಕೊ ನಗರದ ದಫ್ತರದಲ್ಲಿ ಮರೆತು ಬಿದ್ದಿದ್ದುದನ್ನು ಅಮೇರಿಕದ ಇತಿಹಾಸಕಾರ ಹರ್ಬರ್ಟ್ ಬೋಲ್ಟನ್‌ರವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದು, ೧೯೧೯ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ೧೯೬೫ರಲ್ಲಿ ಆರಿಜೋನದವರು ವಾಷಿಂಗ್‌ಟನ್ ನಗರದ ಶಾಸನಸಭಾ ಮಂದಿರದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ೧೯೬೬ರಲ್ಲಿ ಮಗ್ದಲೇನಾದಲ್ಲಿ ನೆಲವನ್ನಗೆದು ಅವರ ಅಸ್ಥಿಗಳನ್ನು ಗುರುತಿಸಿದರು. ಆ ಊರಿಗೆ ಈಗ ಮಗ್ದಲೇನಾ ದೆ ಕಿನೊ ಎಂದೇ ಹೆಸರು. ೨೦೨೦ರಲ್ಲಿ ರೋಮಿನ ಸಭೆಯು ಅವರನ್ನು ಪೂಜ್ಯರೆಂದು ಘೋಷಿಸಿತು. ಇವೆಲ್ಲಕ್ಕಿಂತ ದೊಡ್ಡ ಸ್ಮಾರಕವೊಂದಿದೆ. ಪ್ರತಿವರ್ಷವೂ ಅಕ್ಟೋಬರ್ ತಿಂಗಳ ಆರಂಭದಲ್ಲಿ ಮಗ್ದಲೇನಾದ ಸಂತ ಫ್ರಾನ್ಸಿಸರ ಹಬ್ಬಕ್ಕೆ ಓಒದಮ್ ಜನರು ಮರುಭೂಮಿಯನ್ನು ದಾಟಿ ಯಾತ್ರೆ ಬರುತ್ತಾರೆ. ದಂಡು, ಗಣಿ, ಜಾಡ್ಯ, ಗಡಿ ಇವೆಲ್ಲವನ್ನೂ ಮೀರಿ ಆ ಜನಾಂಗವು ಉಳಿದಿದೆ.

ಶಾಲೆಯಿಂದ ಹೊರಬಿದ್ದ ಮೇಲೆ ನಮ್ಮ ಕೈಗೆ ಬೇರೆಯವರು ಬರೆದ ಪಟಗಳು ಎಷ್ಟೋ ಬರುತ್ತವೆ. ಇಂತಹ ಊರಿನವರು ಇಂತಹವರು, ಇಂತಹ ಕುಲದವರನ್ನು ನಂಬಬಾರದು ಎಂಬ ಮಾತುಗಳೂ ಆ ಬಗೆಯ ಪಟಗಳೇ. ಅವುಗಳನ್ನು ಹಾಗೆಯೇ ನಕಲು ಮಾಡಿ ಮಕ್ಕಳ ಕೈಗೆ ಕೊಡುವುದು ಸುಲಭ. ಕಿನೊರವರೂ ಒಮ್ಮೆ ಹಾಗೆ ನಕಲು ಮಾಡಿದವರೇ. ಆದರೆ ಚಿಪ್ಪೊಂದನ್ನು ಕಂಡಾಗ ಅವರು ನಿಂತು ಯೋಚಿಸಿದರು, ತಿಳಿದವರನ್ನು ವಿಚಾರಿಸಿದರು, ಹೋಗಿ ಕಣ್ಣಾರೆ ಕಂಡರು, ತಮ್ಮ ತಪ್ಪನ್ನು ತಿದ್ದಿ ಬರೆದರು. ಇಷ್ಟನ್ನು ನಾವೂ ನಮ್ಮ ಮಕ್ಕಳೂ ಅವರಿಂದ ಕಲಿತರೆ ಸಾಕು.